ಬಲ, ಜಡತ್ವ, ಸಮತೋಲನ: ಕೊಡಗಿನ ನೆಲದ ಉದಾಹರಣೆಗಳೊಂದಿಗೆ

ವಸ್ತುವೊಂದರ ಚಲನೆಯನ್ನೋ ಆಕಾರವನ್ನೋ ಬದಲಿಸುವ ನೂಕು, ಸೆಳೆತ, ಒತ್ತುಗಳಿಗೆ ಭೌತವಿಜ್ಞಾನದಲ್ಲಿ ಬಲ ಎಂದು ಹೆಸರು. ನಿಂತ ವಸ್ತು ನಿಂತೇ ಇರುವ, ಚಲಿಸುವ ವಸ್ತು ಅದೇ ವೇಗದಲ್ಲಿ ಅದೇ ದಿಕ್ಕಿಗೆ ಸಾಗುತ್ತಲೇ ಇರುವ ಗುಣ ಜಡತ್ವ. ಮೇಲೆ ಬಿದ್ದ ಬಲಗಳೆಲ್ಲ ಒಂದನ್ನೊಂದು ಸರಿದೂಗಿಸಿ ನಿವ್ವಳ ಬಲ ಸೊನ್ನೆಯಾದ ಸ್ಥಿತಿ ಸಮತೋಲನ. ಅಲುಗಾಡದೆ ನಿಂತ ವಸ್ತುವಿನ ಮೇಲೂ ಬಲಗಳು ಸದಾ ಕೆಲಸ ಮಾಡುತ್ತಿರುತ್ತವೆ. ಅವುಗಳ ಲೆಕ್ಕ ಸರಿಹೊಂದಿರುವವರೆಗೆ ಮಾತ್ರ ಅದು ನಿಂತಿರುತ್ತದೆ.

ಮನೆ, ತೋಟ, ರಸ್ತೆಗಳೆಲ್ಲ ಬೆಟ್ಟದ ಮಗ್ಗುಲಲ್ಲೇ ಇರುವ ಕೊಡಗಿನಲ್ಲಿ ಈ ಲೆಕ್ಕ ಜನರ ಬದುಕಿಗೆ ನೇರವಾಗಿ ತಟ್ಟುತ್ತದೆ. 2018, 2019 ಮತ್ತು 2020ರಲ್ಲಿ ಸಾಲಾಗಿ ಮೂರು ಮಳೆಗಾಲ, ಮೂರೂ ಸಲ ಆಗಸ್ಟ್ ತಿಂಗಳಲ್ಲಿ, ಇಲ್ಲಿನ ಗುಡ್ಡಗಳು ಕುಸಿದು ಜೀವಹಾನಿಯಾಯಿತು. ಬಲವಿಜ್ಞಾನದ ಮೂಲ ತತ್ವಗಳನ್ನು ಕೊಡಗಿನ ಉದಾಹರಣೆಗಳ ಮೂಲಕ ಪರಿಚಯಿಸಿ, ಇಳಿಜಾರು ನಿಲ್ಲುವ ಮತ್ತು ಕುಸಿಯುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಪರಿಕಲ್ಪನೆ ಬೆಳೆದ ಬಗೆ

ಚಲಿಸುವ ವಸ್ತುವನ್ನು ಯಾವುದಾದರೂ ನೂಕುತ್ತಲೇ ಇರಬೇಕು ಎಂಬ ಅರಿಸ್ಟಾಟಲನ ಅಭಿಪ್ರಾಯ ಬಹುಕಾಲ ನಡೆದುಬಂತು. ಇಳಿಜಾರು ಹಲಗೆಯ ಮೇಲೆ ಗುಂಡುಗಳನ್ನು ಉರುಳಿಸಿ ನೋಡಿದ ಗೆಲಿಲಿಯೊ, ವಸ್ತು ನಿಲ್ಲುವುದಕ್ಕೆ ತಡೆ ಕಾರಣ, ತಡೆಯಿಲ್ಲದಿದ್ದರೆ ಅದು ಸಾಗುತ್ತಲೇ ಇರುತ್ತದೆ ಎಂದು ಕಂಡುಕೊಂಡ. ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಈ ವಿಚಾರಕ್ಕೆ ಮೂರು ನಿಯಮಗಳ ರೂಪ ಸಿಕ್ಕಿತು. ಫ್ರಾನ್ಸಿನ ಸೇನಾ ಎಂಜಿನಿಯರ್ ಕೂಲಂಬ್ 1773ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಮಣ್ಣಿನ ಗಟ್ಟಿತನವನ್ನು ಅಂಟು ಮತ್ತು ಘರ್ಷಣೆ ಎಂದು ಎರಡಾಗಿ ಬಿಡಿಸಿದ. ನೆನೆದ ಮಣ್ಣು ಏಕೆ ಶಕ್ತಿಗುಂದುತ್ತದೆ ಎಂಬ ಪ್ರಶ್ನೆಗೆ ಖಚಿತ ಉತ್ತರ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಾರ್ಲ್ ಟೆರ್ಜಾಗಿ 1925ರಲ್ಲಿ ಹೊರತಂದ ಪುಸ್ತಕದಿಂದ ಮಣ್ಣಿನ ಬಲವಿಜ್ಞಾನ ಪ್ರತ್ಯೇಕ ಶಾಸ್ತ್ರವಾಗಿ ನೆಲೆಗೊಂಡಿತು.

ಜಡತ್ವ

ನ್ಯೂಟನ್ನನ ಮೊದಲ ನಿಯಮವೇ ಜಡತ್ವದ ನಿಯಮ. ಮಡಿಕೇರಿಯಿಂದ ಸಂಪಾಜೆಯ ಕಡೆಗೆ ಘಾಟಿ ಇಳಿಯುವ ಬಸ್ಸು ಎಡಕ್ಕೆ ತಿರುಗಿದಾಗ ನಿಂತ ಪ್ರಯಾಣಿಕರು ಬಲಕ್ಕೆ ವಾಲುತ್ತಾರೆ. ಅವರನ್ನು ಬಲಕ್ಕೆ ಯಾರೂ ನೂಕಿರುವುದಿಲ್ಲ. ಅವರ ದೇಹ ನೇರವಾಗಿ ಸಾಗುತ್ತಿರುವಾಗ ಬಸ್ಸು ಅವರ ಕಾಲಡಿಯಲ್ಲಿ ಎಡಕ್ಕೆ ಸರಿದಿರುತ್ತದೆ. ದೇಹವೂ ಬಸ್ಸಿನೊಡನೆ ತಿರುಗಬೇಕಾದರೆ ಒಳಮುಖವಾದ ಬಲ ಬೇಕು. ಕೈಗೆ ಸಿಕ್ಕ ಕಂಬಿ ಅದನ್ನು ಒದಗಿಸುತ್ತದೆ. ತಿರುವಿನ ತ್ರಿಜ್ಯ 20 ಮೀಟರ್, ವೇಗ ಗಂಟೆಗೆ 36 ಕಿ.ಮೀ. ಇದ್ದರೆ 50 ಕಿಲೋ ತೂಗುವ ವ್ಯಕ್ತಿಗೆ 250 ನ್ಯೂಟನ್ ಒಳಮುಖ ಬಲ ಬೇಕಾಗುತ್ತದೆ. ಇದು ಅವರ ತೂಕದ ಅರ್ಧದಷ್ಟಾಯಿತು. ವೇಗ 18 ಕಿ.ಮೀ.ಗೆ ಇಳಿದರೆ ಬೇಕಾಗುವ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಬಸ್ಸಿಗೆ ಈ ಬಲವನ್ನು ಕೊಡುವುದು ಟೈರು ಮತ್ತು ಡಾಂಬರಿನ ನಡುವಿನ ಘರ್ಷಣೆ. ಮಳೆಯಲ್ಲಿ ಆ ಘರ್ಷಣೆ ಕಡಿಮೆಯಾಗುವುದರಿಂದ ತಿರುವಿಗೆ ಮೊದಲೇ ವೇಗ ಇಳಿಸಬೇಕು.

ಜಡತ್ವದ ಅಳತೆ ದ್ರವ್ಯರಾಶಿ. ಎರಡನೆಯ ನಿಯಮದಂತೆ ಬಲವು ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ. ಕೊಡಗಿನ ಮನೆಮಾತಾದ ಹಾಕಿಯಲ್ಲಿ ಇದನ್ನು ನೋಡಬಹುದು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರ ಮುತುವರ್ಜಿಯಿಂದ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಈಗ ನೂರಾರು ಕುಟುಂಬ ತಂಡಗಳ ಕೂಟವಾಗಿ ಬೆಳೆದಿದೆ. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ. ನಿಂತ ಚೆಂಡು ಒಂದೇ ಹೊಡೆತಕ್ಕೆ ಸೆಕೆಂಡಿಗೆ 25 ಮೀಟರ್ ವೇಗ ಪಡೆಯಿತು, ಕೋಲು ಅದನ್ನು ಮುಟ್ಟಿದ್ದು ಸೆಕೆಂಡಿನ ಐನೂರನೇ ಒಂದು ಭಾಗ ಮಾತ್ರ ಎಂದು ಹಿಡಿದರೆ, ಸರಾಸರಿ ಬಲ ಸುಮಾರು 2,000 ನ್ಯೂಟನ್ ಆಗುತ್ತದೆ. ಇದು ಚೆಂಡಿನ ತೂಕದ ಸಾವಿರ ಪಟ್ಟಿಗೂ ಹೆಚ್ಚು. ಅದೇ ಚೆಂಡನ್ನು ತಡೆಯುವ ಆಟಗಾರ ಕೋಲನ್ನು ತುಸು ಹಿಂದೆಗೆದುಕೊಂಡರೆ ತಡೆಯುವ ಅವಧಿ ಹಿಗ್ಗಿ ಬಲ ತಗ್ಗುತ್ತದೆ, ಚೆಂಡು ಪುಟಿಯದೆ ನಿಲ್ಲುತ್ತದೆ.

ಬಲ ಮತ್ತು ಪ್ರತಿಬಲ

ಬಲ ಎಂದೂ ಒಂಟಿಯಾಗಿ ಇರುವುದಿಲ್ಲ. ಒಂದು ವಸ್ತು ಇನ್ನೊಂದನ್ನು ಎಷ್ಟು ಬಲದಿಂದ ನೂಕುತ್ತದೆಯೋ ಅಷ್ಟೇ ಬಲದಿಂದ ಆ ಇನ್ನೊಂದು ಇದನ್ನು ಹಿಂದಕ್ಕೆ ನೂಕುತ್ತದೆ. ಇದು ಮೂರನೆಯ ನಿಯಮ. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬದ ಸಮಯದಲ್ಲಿ ಊರೂರುಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಪಾಯಿಂಟ್ 22 ಬಂದೂಕಿನ 2.6 ಗ್ರಾಂ ಗುಂಡು ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಮುಂದೆ ಹಾರಿದರೆ, 3 ಕಿಲೋ ತೂಕದ ಬಂದೂಕು ಸೆಕೆಂಡಿಗೆ ಸುಮಾರು 30 ಸೆಂ.ಮೀ. ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಬಲಗಳು ಸಮವಾಗಿದ್ದರೂ ದ್ರವ್ಯರಾಶಿಗಳು ಬೇರೆಯಾದ್ದರಿಂದ ವೇಗಗಳಲ್ಲಿ ಇಷ್ಟು ಅಂತರ. ಬಂದೂಕಿನ ಹಿಡಿಯನ್ನು ಭುಜಕ್ಕೆ ಒತ್ತಿ ಹಿಡಿದಾಗ ಬಂದೂಕಿನ ದ್ರವ್ಯರಾಶಿಗೆ ದೇಹದ್ದೂ ಕೂಡಿಕೊಂಡು ಒದೆತ ಹಗುರವಾಗುತ್ತದೆ.

ಕ್ರಿಯೆ ಮತ್ತು ಪ್ರತಿಕ್ರಿಯೆ ಬೇರೆ ಬೇರೆ ವಸ್ತುಗಳ ಮೇಲೆ ಬೀಳುತ್ತವೆ. ಆದ್ದರಿಂದ ಅವು ಒಂದನ್ನೊಂದು ರದ್ದುಮಾಡಲಾರವು. ಸಮತೋಲನದ ಲೆಕ್ಕಕ್ಕೆ ಬರುವುದು ಒಂದೇ ವಸ್ತುವಿನ ಮೇಲೆ ಬಿದ್ದ ಬಲಗಳು ಮಾತ್ರ.

ಘರ್ಷಣೆ

ತಾಗಿಕೊಂಡ ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಬಲ ಘರ್ಷಣೆ. ಅದರ ಗರಿಷ್ಠ ಮಿತಿ ಎರಡು ಮೇಲ್ಮೈಗಳು ಎಷ್ಟು ಬಲವಾಗಿ ಒತ್ತಿಕೊಂಡಿವೆ ಎಂಬುದನ್ನು ಅವಲಂಬಿಸಿದೆ. ಒತ್ತು ಇಳಿದರೆ ಘರ್ಷಣೆಯೂ ಇಳಿಯುತ್ತದೆ. ಇಳಿಜಾರಿನ ಇಡೀ ಕಥೆಗೆ ಈ ಮಾತೇ ಕೀಲಿ.

ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಕದಲಿದ್ದನ್ನು ಎಳೆದೊಯ್ಯಲು ಬೇಕಾದ ಬಲಕ್ಕಿಂತ ಹೆಚ್ಚು. ದುಬಾರೆಯಂಥ ಶಿಬಿರಗಳ ಸಾಕಾನೆಗಳು ಹಿಂದೆ ಮರದ ದಿಮ್ಮಿ ಎಳೆಯುತ್ತಿದ್ದ ಕೆಲಸದಲ್ಲೂ ಮೊದಲ ಎಳೆತವೇ ಕಷ್ಟದ್ದು. ಘರ್ಷಣೆಗೂ ಒತ್ತುವ ಬಲಕ್ಕೂ ಇರುವ ಅನುಪಾತಕ್ಕೆ ಘರ್ಷಣಾಂಕ ಎನ್ನುತ್ತಾರೆ. ಸ್ಥಿರ ಘರ್ಷಣಾಂಕ 0.6, ಚಲನ ಘರ್ಷಣಾಂಕ 0.4 ಎಂದಿಟ್ಟುಕೊಂಡರೆ, ಎರಡು ಟನ್ ದಿಮ್ಮಿಯನ್ನು ಸಮನೆಲದಲ್ಲಿ ಕದಲಿಸಲು ಸುಮಾರು 11,800 ನ್ಯೂಟನ್ ಬೇಕು, ಸಾಗಿಸಲು 7,800 ನ್ಯೂಟನ್ ಸಾಕು. ಅದೇ ದಿಮ್ಮಿ 31 ಡಿಗ್ರಿ ಇಳಿಜಾರಿನಲ್ಲಿ ಯಾರೂ ಎಳೆಯದೆ ತಾನೇ ಜಾರತೊಡಗುತ್ತದೆ. ಅಂಟಿಲ್ಲದ ಒಣಮಣ್ಣಿನ ರಾಶಿಗೂ ಹೀಗೆಯೇ ಒಂದು ಕೋನವಿದೆ (ಘರ್ಷಣಾ ಕೋನ), ಅದಕ್ಕಿಂತ ಕಡಿದಾಗಿ ಅದು ನಿಲ್ಲದು. ಹಳೆಯ ಕೊಡಗಿನ ರಕ್ಷಣೆಗಾಗಿ ತೋಡಿದ ಕಡಂಗಗಳ ಏರಿಗಳು ಹಲವೆಡೆ ಈಗಲೂ ಉಳಿದಿವೆ. ಅಗೆದು ಹಾಕಿದ ಮಣ್ಣು ತನಗೊಪ್ಪುವ ಓರೆಗೆ ಇಳಿದು, ಅದರ ಮೇಲೆ ಗಿಡಮರ ಬೇರೂರಿದರೆ ಬಹುಕಾಲ ನಿಲ್ಲಬಲ್ಲದು ಎಂಬುದಕ್ಕೆ ಅವು ಸಾಕ್ಷಿ.

ಸಮತೋಲನದ ಎರಡು ಷರತ್ತುಗಳು

ವಸ್ತುವಿನ ಮೇಲಿನ ಬಲಗಳ ಮೊತ್ತ ಸೊನ್ನೆಯಾಗಬೇಕು ಎಂಬುದು ಮೊದಲ ಷರತ್ತು. ವಸ್ತುವನ್ನು ತಿರುಗಿಸಲು ಯತ್ನಿಸುವ ಪರಿಣಾಮಗಳ, ಅಂದರೆ ಭ್ರಾಮಕಗಳ, ಮೊತ್ತವೂ ಸೊನ್ನೆಯಾಗಬೇಕು ಎಂಬುದು ಎರಡನೆಯದು. ಬಲವನ್ನು ತಿರುಗುಬಿಂದುವಿನಿಂದ ಅದಕ್ಕಿರುವ ಲಂಬ ದೂರದಿಂದ ಗುಣಿಸಿದರೆ ಭ್ರಾಮಕ ಸಿಗುತ್ತದೆ.

ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕರಿಮೆಣಸು ಕೊಯ್ಯಲು ಒರಗಿಸುವ ಏಣಿ ಎರಡೂ ಷರತ್ತುಗಳನ್ನು ಒಟ್ಟಿಗೆ ತೋರಿಸುತ್ತದೆ. ಹತ್ತಿದವರ ತೂಕ ಏಣಿಯ ಬುಡವನ್ನು ಹೊರಕ್ಕೆ ಜಾರಿಸಲು ನೋಡುತ್ತದೆ. ನೆಲದ ಘರ್ಷಣೆ ತಡೆಯುತ್ತದೆ. ಹಗುರ ಏಣಿಯ ತುದಿಯಲ್ಲಿ ಆಳು ನಿಂತಿರುವಾಗ, ಏಣಿ ನೆಲಕ್ಕೆ 75 ಡಿಗ್ರಿ ಕೋನದಲ್ಲಿದ್ದರೆ 0.27ರಷ್ಟು ಘರ್ಷಣಾಂಕ ಸಾಕು. 60 ಡಿಗ್ರಿಯಲ್ಲಿದ್ದರೆ 0.58 ಬೇಕು. ಮೇಲೆ ಏರಿದಷ್ಟೂ ಬೇಕಾಗುವ ಘರ್ಷಣೆ ಹೆಚ್ಚುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಗಟ್ಟಿಯಾಗಿ ನಿಂತ ಏಣಿ ತುದಿಗೆ ಹೋದಾಗ ಜಾರುವುದು ಇದರಿಂದಲೇ. ಏಣಿ ಒರಗುವ ಎತ್ತರದ ಕಾಲುಭಾಗದಷ್ಟು ದೂರದಲ್ಲಿ ಬುಡವಿಡುವುದು ಸುರಕ್ಷಿತ, ಒದ್ದೆ ತರಗೆಲೆಯ ಮೇಲೆ ಇಡುವುದು ಅಪಾಯ.

ತೂಗುಸೇತುವೆ ಇನ್ನೊಂದು ಒಳ್ಳೆಯ ಉದಾಹರಣೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಕಾಸರಗೋಡಿನ ಬಳಿ ಕಡಲು ಸೇರುವ ನದಿಯಿದು. ಮುಂದೆ ನೂರಕ್ಕೂ ಹೆಚ್ಚು ಇಂಥ ಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ದೊರೆಯಿತು. ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮಕ್ಕೂ ತೂಗುಸೇತುವೆಯ ಮೇಲೆ ನಡೆದೇ ಹೋಗಬೇಕು. ಇಂಥ ಸೇತುವೆಯ ಉಕ್ಕಿನ ಹಗ್ಗ ಜೋತುಬಿದ್ದಿರುವುದು ಲೆಕ್ಕಕ್ಕೆ ತಕ್ಕಂತೆ. 60 ಮೀಟರ್ ಅಗಲದ ಹೊಳೆಗೆ, ಮೀಟರಿಗೆ 5 ಕಿಲೋನ್ಯೂಟನ್ ಭಾರ ಹೊರುವ ಸೇತುವೆ ಕಟ್ಟಿ ಹಗ್ಗಗಳನ್ನು ನಡುವೆ 6 ಮೀಟರ್ ಜೋಲುಬಿಟ್ಟರೆ ಅವುಗಳಲ್ಲಿ ಒಟ್ಟು 375 ಕಿಲೋನ್ಯೂಟನ್ ಸಮತಲ ಸೆಳೆತ ಉಂಟಾಗುತ್ತದೆ. ಜೋಲನ್ನು 3 ಮೀಟರಿಗೆ ಇಳಿಸಿದರೆ ಅದು 750ಕ್ಕೆ ಏರುತ್ತದೆ. ಪೂರ್ತಿ ನೇರವಾದ ಹಗ್ಗದಿಂದ ಯಾವ ಭಾರವನ್ನೂ ಹೊರಿಸಲಾಗದು, ಏಕೆಂದರೆ ತೂಕವನ್ನು ಮೇಲಕ್ಕೆತ್ತಲು ಸೆಳೆತಕ್ಕೆ ಓರೆ ಇರಲೇಬೇಕು. ಈ ಸೆಳೆತವನ್ನು ದಡದಲ್ಲಿ ಹೂತ ಕಾಂಕ್ರೀಟಿನ ಗಟ್ಟಿಗಳು ತಮ್ಮ ತೂಕ ಮತ್ತು ಘರ್ಷಣೆಯಿಂದ ಹಿಡಿದಿಡುತ್ತವೆ.

ನಿಂತ ನೀರಿನ ಬಲ

ಕಾವೇರಿಯ ಉಪನದಿ ಹಾರಂಗಿಗೆ ಕಟ್ಟಿದ ಅಣೆಕಟ್ಟಿನ ಪೂರ್ಣ ನೀರಿನ ಮಟ್ಟ 2,859 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 8.5 ಟಿಎಂಸಿ. ಕಟ್ಟೆಯ ಮೇಲೆ ನೀರು ಹಾಕುವ ಬಲ ಹಿಂದೆ ಎಷ್ಟು ದೂರ ನೀರು ಹರಡಿದೆ ಎಂಬುದರ ಮೇಲೆ ನಿಂತಿಲ್ಲ. ಆಳ ಎಷ್ಟು ಎಂಬುದೇ ಮುಖ್ಯ. 10 ಮೀಟರ್ ಆಳದ ನೀರು ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 490 ಕಿಲೋನ್ಯೂಟನ್, ಅಂದರೆ 50 ಟನ್ ತೂಕದಷ್ಟು ಬಲ ಹಾಕುತ್ತದೆ. ಆಳ ನಾಲ್ಕು ಪಟ್ಟಾದರೆ ಬಲ ಹದಿನಾರು ಪಟ್ಟಾಗುತ್ತದೆ. ಗೋಡೆಯನ್ನು ಮಗುಚಲು ನೋಡುವ ಭ್ರಾಮಕವಂತೂ ಅರವತ್ತನಾಲ್ಕು ಪಟ್ಟು. ಕಲ್ಲಿನ ಕಟ್ಟೆಯ ಬುಡ ಅಗಲವಾಗಿರುವುದು ಈ ಭ್ರಾಮಕಕ್ಕೆ ಎದುರಾಗಿ ತನ್ನ ತೂಕವನ್ನು ನಿಲ್ಲಿಸುವುದಕ್ಕಾಗಿ.

ಇಳಿಜಾರಿನ ಸಮತೋಲನ

ಗುಡ್ಡದ ಮಗ್ಗುಲಿನ ಮಣ್ಣಿನ ಪದರದ ಮೇಲೆ ಗುರುತ್ವ ನೇರ ಕೆಳಮುಖವಾಗಿ ಎಳೆಯುತ್ತದೆ. ಈ ಎಳೆತವನ್ನು ಎರಡಾಗಿ ಬಿಡಿಸಬಹುದು. ಇಳಿಜಾರಿನ ಗುಂಟ ಇರುವ ಭಾಗ ಮಣ್ಣನ್ನು ಜಾರಿಸಲು ನೋಡುತ್ತದೆ. ಇಳಿಜಾರಿಗೆ ಲಂಬವಾದ ಭಾಗ ಮಣ್ಣನ್ನು ಕೆಳಗಿನ ಗಟ್ಟಿ ಪದರಕ್ಕೆ ಒತ್ತಿ ಹಿಡಿದು ಘರ್ಷಣೆ ಹುಟ್ಟಿಸುತ್ತದೆ. ಮಣ್ಣಿನ ಅಂಟು, ಬೇರುಗಳ ಹಿಡಿತ ಇದರ ಜೊತೆಗೂಡುತ್ತವೆ. ತಡೆಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಸುರಕ್ಷತಾ ಗುಣಾಂಕ. ಅದು ಒಂದಕ್ಕಿಂತ ಹೆಚ್ಚಿದ್ದರೆ ಇಳಿಜಾರು ನಿಲ್ಲುತ್ತದೆ, ಒಂದಕ್ಕಿಂತ ಇಳಿದರೆ ಜಾರುತ್ತದೆ.

ಕೊಡಗಿನ ತಳಪಾಯ ಬಹು ಪ್ರಾಚೀನವಾದ ನೈಸ್ ಮೊದಲಾದ ರೂಪಾಂತರ ಶಿಲೆಗಳದು. ಯುಗಗಳಿಂದ ಮಳೆ ಬಿಸಿಲಿಗೆ ಶಿಥಿಲವಾದ ದಪ್ಪ ಮಣ್ಣು ಅದರ ಮೇಲೆ ಕೂತಿದೆ. ಮಡಿಕೇರಿಯ ವಾಡಿಕೆ ಮಳೆ ವರ್ಷಕ್ಕೆ 3,000 ಮಿ.ಮೀ. ಮೀರುತ್ತದೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಈ ನೀರು ಸಮತೋಲನಕ್ಕೆ ಏನು ಮಾಡುತ್ತದೆ?

ನೀರು ಮಣ್ಣನ್ನು ಭಾರ ಮಾಡುತ್ತದೆ, ನುಣುಪು ಮಾಡುತ್ತದೆ ಎಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಮುಖ್ಯ ಕಾರಣ ಬೇರೆ. ಮಣ್ಣಿನ ಕಣಗಳ ನಡುವಿನ ಸಂದುಗಳು ನೀರಿನಿಂದ ತುಂಬಿದಾಗ ಮೇಲಿನ ಭಾರದ ಒಂದು ಪಾಲನ್ನು ನೀರು ತಾನೇ ಹೊರುತ್ತದೆ. ಕಣಗಳು ಒಂದನ್ನೊಂದು ಒತ್ತುವ ಬಲ ಅಷ್ಟರಮಟ್ಟಿಗೆ ಇಳಿಯುತ್ತದೆ, ಒತ್ತು ಇಳಿದಂತೆ ಘರ್ಷಣೆಯೂ ಇಳಿಯುತ್ತದೆ. ಗುರುತ್ವದ ಎಳೆತ ಮಾತ್ರ ಕಡಿಮೆಯಾಗುವುದಿಲ್ಲ. ಟೆರ್ಜಾಗಿ ಗುರುತಿಸಿದ್ದು ಇದನ್ನೇ.

ಒಂದು ಮಾದರಿ ಲೆಕ್ಕ ನೋಡಬಹುದು. 30 ಡಿಗ್ರಿ ಇಳಿಜಾರು, 3 ಮೀಟರ್ ದಪ್ಪದ ಮಣ್ಣು, ಘನ ಮೀಟರಿಗೆ 18 ಕಿಲೋನ್ಯೂಟನ್ ತೂಕ, ಘರ್ಷಣಾ ಕೋನ 30 ಡಿಗ್ರಿ, ಅಂಟು ಚದರ ಮೀಟರಿಗೆ 6 ಕಿಲೋನ್ಯೂಟನ್ ಎಂದಿಟ್ಟುಕೊಳ್ಳೋಣ. ಜಾರಿಸುವ ಒತ್ತಡ ಚದರ ಮೀಟರಿಗೆ 23.4 ಕಿಲೋನ್ಯೂಟನ್. ಪದರದಲ್ಲಿ ನೀರು ನಿಂತಿಲ್ಲದಾಗ ತಡೆಯುವ ಶಕ್ತಿ 29.4, ಗುಣಾಂಕ 1.26. ಪದರದ ಅರ್ಧದವರೆಗೆ ನೀರು ತುಂಬಿದರೆ ತಡೆ 23ಕ್ಕೆ ಇಳಿದು ಗುಣಾಂಕ 0.98 ಆಗುತ್ತದೆ. ಪೂರ್ತಿ ತುಂಬಿದರೆ 0.71. ಬೇಸಿಗೆಯಲ್ಲಿ ಕಾಲು ಪಾಲು ಹೆಚ್ಚುವರಿ ಬಲ ಇಟ್ಟುಕೊಂಡು ನಿಂತ ಗುಡ್ಡ ಅರ್ಧ ನೆನೆದಾಗಲೇ ಅಂಚು ದಾಟಿಬಿಡುತ್ತದೆ.

ಕುಸಿತಗಳು ಜೂನ್‌ನಲ್ಲಿ ಕಡಿಮೆಯಾಗಿ ಆಗಸ್ಟ್‌ನಲ್ಲಿ ಹೆಚ್ಚಾಗುವುದೂ ಇದರಿಂದ ಅರ್ಥವಾಗುತ್ತದೆ. ತುಸು ತೇವವಿರುವ ಮಣ್ಣಿನಲ್ಲಿ ಕಣಗಳ ನಡುವಿನ ನೀರಿನ ಪೊರೆ ಅವನ್ನು ಹತ್ತಿರ ಸೆಳೆದು ಗಟ್ಟಿತನವನ್ನೇ ಕೊಡುತ್ತದೆ. ಮುಂಗಾರಿನ ಮೊದಲ ವಾರಗಳ ಮಳೆಯನ್ನು ಮಣ್ಣು ಹೀರಿಕೊಳ್ಳುತ್ತದೆ. ಜುಲೈ ಹೊತ್ತಿಗೆ ಸಂದುಗಳು ತುಂಬುತ್ತ ಬರುತ್ತವೆ. ಆಮೇಲೆ ಬಿಡದೆ ಸುರಿಯುವ ಮೂರು ನಾಲ್ಕು ದಿನದ ಮಳೆಗೆ ಇಂಗಲು ಜಾಗವಿಲ್ಲದೆ ಒಳಗಿನ ನೀರಿನ ಒತ್ತಡ ಏರುತ್ತದೆ.

ಕುಸಿದ ಮಣ್ಣಿನ ಚಲನೆ

ಜಾರಲು ಆರಂಭಿಸಿದ ಮೇಲೆ ಮಣ್ಣಿನ ಅಂಟು ಮುರಿದುಹೋಗುತ್ತದೆ, ಘರ್ಷಣೆಯೂ ಕುಗ್ಗುತ್ತದೆ. ಘರ್ಷಣಾಂಕ 0.4ಕ್ಕೆ ಇಳಿದರೆ 30 ಡಿಗ್ರಿ ಇಳಿಜಾರಿನಲ್ಲಿ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 1.5 ಮೀಟರ್. ನೂರು ಮೀಟರ್ ಜಾರುವಷ್ಟರಲ್ಲಿ ವೇಗ ಗಂಟೆಗೆ 62 ಕಿ.ಮೀ. ಮುಟ್ಟುತ್ತದೆ. ಸಾವಿರಾರು ಟನ್ ದ್ರವ್ಯರಾಶಿಗೆ ಇಷ್ಟು ವೇಗ ಬಂದಾಗ ಅದರ ಜಡತ್ವವನ್ನು ಮನೆಯ ಗೋಡೆಯಾಗಲಿ ಮರವಾಗಲಿ ತಡೆಯಲಾರದು. ಸಮತಟ್ಟಾದ ಗದ್ದೆಗೆ ಬಂದ ಮೇಲೂ ಅದು ದೂರಕ್ಕೆ ಹರಿದು ಹೋಗುತ್ತದೆ. ಕಂಡ ಮೇಲೆ ಓಡಿ ಪಾರಾಗುವುದು ಬಹುಮಟ್ಟಿಗೆ ಅಸಾಧ್ಯ. ಮುಂಚಿತವಾಗಿ ಜಾಗ ಬಿಡುವುದೊಂದೇ ದಾರಿ.

2018, 2019, 2020

2018ರ ಆಗಸ್ಟ್ ಮಧ್ಯಭಾಗದ ಮಳೆಗೆ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡಗಳು ಕುಸಿದವು. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು ಭಾಗಗಳಲ್ಲಿ ಮನೆ, ತೋಟ, ಗದ್ದೆಗಳು ಮಣ್ಣುಪಾಲಾದವು. ಮಡಿಕೇರಿ–ಸಂಪಾಜೆ ನಡುವೆ ರಾಷ್ಟ್ರೀಯ ಹೆದ್ದಾರಿ 275 ಹಲವೆಡೆ ಕಿತ್ತುಹೋಗಿ ಸಂಚಾರ ನಿಂತಿತು. ಸ್ಥಳ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ, ಅತಿವೃಷ್ಟಿಯ ಜೊತೆಗೆ ಇಳಿಜಾರುಗಳನ್ನು ಮನುಷ್ಯರು ಕಡಿದು ಬದಲಿಸಿದ್ದನ್ನೂ ಕಾರಣವಾಗಿ ಎತ್ತಿ ತೋರಿಸಿತು. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ ಮತ್ತು ಭಾಗಮಂಡಲ ಸಮೀಪದ ಕೋರಂಗಾಲದಲ್ಲಿ ಸಾವುಗಳು ಸಂಭವಿಸಿದವು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಯನ್ನು ಹೂತುಹಾಕಿತು. ಐವರು ಮಣ್ಣಿನಡಿ ಸಿಲುಕಿದರು. 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರು ಮತ್ತು ಕೇರಳದ ವಯನಾಡಿನಲ್ಲಿ ಸಂಭವಿಸಿದ ದುರಂತಗಳೂ ಇದೇ ಪಶ್ಚಿಮ ಘಟ್ಟದ ಸಾಲಿನವು.

ಬರೆ, ತಡೆಗೋಡೆ, ಬೇರು

ಮನೆಗೋ ರಸ್ತೆಗೋ ಜಾಗ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದಾಗ ಉಳಿಯುವ ಮಣ್ಣಿನ ಗೋಡೆಗೆ ಕೊಡಗಿನಲ್ಲಿ ಬರೆ ಎನ್ನುತ್ತಾರೆ. ಬುಡ ಕಡಿದರೆ ಮೇಲಿನ ಮಣ್ಣಿಗೆ ಇದ್ದ ಆಸರೆ ಹೋಗುತ್ತದೆ. ಮೇಲಿನ ಮಾದರಿಯ ಮಣ್ಣನ್ನು ಆಸರೆಯಿಲ್ಲದೆ ನೆಟ್ಟಗೆ ಕಡಿದು ನಿಲ್ಲಿಸಬಹುದಾದ ಎತ್ತರ, ಲೆಕ್ಕದ ಪ್ರಕಾರ, ಸುಮಾರು 2.3 ಮೀಟರ್ ಮಾತ್ರ. ನೆನೆದು ಅಂಟು ಕಳೆದುಕೊಂಡಾಗ ಅದಕ್ಕಿಂತಲೂ ಕಡಿಮೆ. ಜೆಸಿಬಿ, ಹಿಟಾಚಿಗಳು ಒಂದೆರಡು ದಿನದಲ್ಲಿ ಇದರ ಎರಡು ಮೂರು ಪಟ್ಟು ಎತ್ತರದ ಬರೆ ಕಡಿಯಬಲ್ಲವು. ಬೇಸಿಗೆಯಲ್ಲಿ ಅದು ನಿಂತಿತೆಂದು ಮಳೆಗಾಲದಲ್ಲೂ ನಿಲ್ಲುತ್ತದೆ ಎಂದು ನಂಬುವಂತಿಲ್ಲ.

ತಡೆಗೋಡೆ ಕಟ್ಟಿದ ಮಾತ್ರಕ್ಕೆ ಅಪಾಯ ಮುಗಿಯುವುದಿಲ್ಲ. 4 ಮೀಟರ್ ಎತ್ತರದ ಗೋಡೆಯನ್ನು ಅದರ ಹಿಂದಿನ ಸಡಿಲ ಮಣ್ಣು, ನೀರಿಲ್ಲದಾಗ, ಮೀಟರ್ ಉದ್ದಕ್ಕೆ 48 ಕಿಲೋನ್ಯೂಟನ್ ಬಲದಿಂದ ನೂಕುತ್ತದೆ. ಹಿಂದೆ ನೀರು ಕಟ್ಟಿಕೊಂಡರೆ ನೂಕು ಸುಮಾರು 100ಕ್ಕೆ ಏರುತ್ತದೆ, ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರಿಯ ನೀರಿನದು. ಆದ್ದರಿಂದ ಗೋಡೆಯ ಹಿಂದೆ ಜಲ್ಲಿ ತುಂಬಿ, ಗೋಡೆಯಲ್ಲಿ ನೀರು ಹೊರಬರುವ ಕೊಳವೆಗಳನ್ನು ಇಡುವುದು ಗೋಡೆಯ ದಪ್ಪದಷ್ಟೇ ಮುಖ್ಯ. ಕೆಸರು ಕಟ್ಟಿದ ಕೊಳವೆಗಳನ್ನು ಪ್ರತಿ ಮಳೆಗಾಲಕ್ಕೆ ಮೊದಲು ಬಿಡಿಸಬೇಕು.

ಮರದ ಬೇರು ಮಣ್ಣನ್ನು ಹೆಣೆದು ಅಂಟನ್ನು ಹೆಚ್ಚಿಸುತ್ತದೆ. ಮಾದರಿ ಇಳಿಜಾರಿನಲ್ಲಿ ಬೇರುಗಳಿಂದ ಚದರ ಮೀಟರಿಗೆ 5 ಕಿಲೋನ್ಯೂಟನ್ ಕೂಡಿಕೊಂಡರೆ, ಅರ್ಧ ನೆನೆದಾಗ 0.98ಕ್ಕೆ ಇಳಿದಿದ್ದ ಗುಣಾಂಕ 1.2ಕ್ಕೆ ಏರುತ್ತದೆ. ಗದ್ದೆಗಳ ಮೇಲಣ ಇಳಿಜಾರು ಜಮೀನುಗಳಾದ ಬಾಣೆಗಳಲ್ಲಿ ಮರ ಉಳಿಸಿಕೊಂಡು ಬಂದ ಹಿಂದಿನವರ ಪದ್ಧತಿಗೂ ದೇವರಕಾಡುಗಳಿಗೂ ಈ ದೃಷ್ಟಿಯಿಂದ ದೊಡ್ಡ ಬೆಲೆಯಿದೆ. ಬೇರು ತಲುಪದ ಆಳದಲ್ಲಿ ಜಾರು ಪದರವಿದ್ದರೆ ಮಾತ್ರ ಮರಗಳೂ ಮಣ್ಣಿನೊಡನೆಯೇ ಜಾರುತ್ತವೆ. ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವ ಮುನ್ನವೂ ಯೋಚಿಸಬೇಕು. ಬಯಲಿನಲ್ಲಿ ಅಂತರ್ಜಲ ಹೆಚ್ಚಿಸುವ ಗುಂಡಿಯೇ ಇಲ್ಲಿ ಪದರದೊಳಗಿನ ನೀರಿನ ಒತ್ತಡವನ್ನು ಹೆಚ್ಚಿಸಬಲ್ಲದು.

ಮುನ್ಸೂಚನೆ ಮತ್ತು ಮುನ್ನೆಚ್ಚರಿಕೆ

ದೇಶದಲ್ಲಿ ಭೂಕುಸಿತದ ಅಧ್ಯಯನಕ್ಕೆ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ನೋಡಲ್ ಸಂಸ್ಥೆಯಾಗಿದ್ದು, ಕುಸಿತಕ್ಕೆ ಈಡಾಗಬಲ್ಲ ಪ್ರದೇಶಗಳ ನಕ್ಷೆಗಳನ್ನು ತಯಾರಿಸಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಸ್ವಯಂಚಾಲಿತ ಮಳೆಮಾಪಕಗಳಿಂದ ಊರುಮಟ್ಟದ ಮಳೆಯ ಮಾಹಿತಿ ಸಂಗ್ರಹಿಸುತ್ತದೆ. ಒಂದು ದಿನದ ಮಳೆಯ ಜೊತೆಗೆ ಹಿಂದಿನ ವಾರಗಳಲ್ಲಿ ಎಷ್ಟು ಸುರಿದಿದೆ ಎಂಬುದನ್ನೂ ಕೂಡಿಸಿ ನೋಡಿದರೆ ಅಪಾಯದ ಅಂದಾಜು ಸಿಗುತ್ತದೆ.

ನೆಲವೂ ಸೂಚನೆ ಕೊಡುತ್ತದೆ. ಇಳಿಜಾರಿನ ಮೇಲ್ಭಾಗದಲ್ಲಿ ಅಡ್ಡ ಬಿರುಕು, ವಾಲಿದ ಮರ ಮತ್ತು ವಿದ್ಯುತ್ ಕಂಬ, ಉಬ್ಬಿದ ತಡೆಗೋಡೆ, ಬಿಗಿಯಾಗಿ ತೆರೆಯದ ಬಾಗಿಲು, ಹೊಸ ಜಾಗದಲ್ಲಿ ಉಕ್ಕುವ ಒರತೆ, ಇದ್ದಕ್ಕಿದ್ದಂತೆ ಕೆಂಪಾದ ಅಥವಾ ಬತ್ತಿದ ತೋಡಿನ ನೀರು ಇವೆಲ್ಲ ಸುರಕ್ಷತಾ ಗುಣಾಂಕ ಒಂದರ ಹತ್ತಿರ ಬಂದಿರುವುದರ ಕುರುಹುಗಳು. ಬಿರುಕಿಗೆ ನೀರು ಇಳಿಯದಂತೆ ಮುಚ್ಚಿ, ಮೇಲಿನಿಂದ ಬರುವ ನೀರನ್ನು ಚರಂಡಿಯಲ್ಲಿ ಬದಿಗೆ ಹರಿಸಿದರೆ ಕಳೆದ ಬಲದಲ್ಲಿ ಸ್ವಲ್ಪವನ್ನು ಮರಳಿ ಪಡೆಯಬಹುದು. ಆದರೆ ಮಳೆ ಬಿಡದೆ ಸುರಿಯುತ್ತಿರುವಾಗ ಈ ಕುರುಹುಗಳು ಕಂಡರೆ ದುರಸ್ತಿಗೆ ನಿಲ್ಲದೆ ಮನೆಮಂದಿಯೆಲ್ಲ ಕೂಡಲೇ ಸುರಕ್ಷಿತ ಜಾಗಕ್ಕೆ ತೆರಳಬೇಕು. ಗುಡ್ಡ ಇಷ್ಟು ವರ್ಷ ನಿಂತಿತ್ತು ಎಂಬುದು ಇನ್ನು ಮುಂದೆಯೂ ನಿಲ್ಲುತ್ತದೆ ಎಂಬುದಕ್ಕೆ ಆಧಾರವಾಗದು. ಅಂದಂದಿನ ನೀರು, ಓರೆ ಮತ್ತು ಹಿಡಿತದ ಲೆಕ್ಕವೇ ಆಧಾರ. ಆ ಲೆಕ್ಕ ಶಾಲೆಯ ಪಠ್ಯದಿಂದ ಪಂಚಾಯಿತಿಯ ಕಟ್ಟಡ ಪರವಾನಗಿಯವರೆಗೆ ಎಲ್ಲೆಡೆ ಬಳಕೆಗೆ ಬರುವುದು ಕೊಡಗಿನಂಥ ಬೆಟ್ಟನಾಡಿನ ತುರ್ತು ಅಗತ್ಯ.